ಕಲ್ಲುಗುಪ್ಪೆಯ ಕೆಳಗೆ ಉಳಿದ ಹೂವು

ವೇಲ್ಸಿನ ಬೆಟ್ಟದ ನೆತ್ತಿಯಲ್ಲಿ ಕಲ್ಲುಗುಪ್ಪೆ ಕಂಡರೆ ಸಾಕು, ಡ್ರೂಯಿಡ್ ಎಂಬ ಹಳೆಯ ಕಾಲದ ಪುರೋಹಿತರು ಇಲ್ಲಿ ನರಬಲಿ ಕೊಡುತ್ತಿದ್ದರು ಎಂದು ಕತೆ ಕಟ್ಟುವವರು ಇನ್ನೂ ಇದ್ದಾರೆ. ಡ್ರೂಯಿಡರ ವಿಷಯ ನಮಗೆ ತಿಳಿದಿರುವುದು ಸುಮಾರು 2,000 ವರ್ಷ ಹಿಂದಿನ ಗ್ರೀಕ್, ರೋಮನ್ ಬರಹಗಳಿಂದ. 'ಕೇರ್ನ್' ಎನ್ನುವ ಈ ಗೋರಿಗಳಲ್ಲಿ ಬಹುಪಾಲು ಕಂಚಿನ ಯುಗದವು, ಸುಮಾರು 4,000 ವರ್ಷ ಹಳೆಯವು. ಎಲ್ಲಿಂದೆಲ್ಲಿಯ ಸಂಬಂಧ!

ಈ ತಪ್ಪು ಕರ್ನಾಟಕಕ್ಕೂ ಬಂದಿತ್ತು. 19ನೇ ಶತಮಾನದಲ್ಲಿ ಸುರಪುರದ ಆಡಳಿತ ನೋಡಿಕೊಂಡಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಜೇವರ್ಗಿ ಕಡೆಯ ಕಲ್ಲುಗೋರಿಗಳನ್ನು ಅಗೆಸಿದ. ಅವುಗಳ ರಚನೆ ಬ್ರಿಟನ್ನಿನ ಗೋರಿಗಳನ್ನು ಹೋಲುವುದನ್ನು ಸರಿಯಾಗಿಯೇ ಗುರುತಿಸಿದ. ಆದರೆ ಡ್ರೂಯಿಡರ ಹೆಸರನ್ನೂ ಅವಕ್ಕೆ ಅಂಟಿಸಿದ.

ಪುರೋಹಿತರ ಕತೆಗಿಂತ ಮಣ್ಣು ಹೇಳುವ ಕತೆ ಎಷ್ಟೋ ಚೆನ್ನಾಗಿದೆ. ಬ್ರೆಕಾನ್ ಬೀಕನ್ಸ್ ನ್ಯಾಷನಲ್ ಪಾರ್ಕಿನ ಪಶ್ಚಿಮದ ತುದಿಯಲ್ಲಿ ವಾನ್ ವೋಯ್ಲ್ ಎಂಬ ಬೆಟ್ಟವಿದೆ. ಎತ್ತರ 781 ಮೀಟರ್, ಸದಾ ಗಾಳಿ. ಅದರ ನೆತ್ತಿಯ ಕೇರ್ನ್ ಅಗೆದಾಗ ಕಲ್ಲುಚಪ್ಪಡಿಗಳ ಪೆಟ್ಟಿಗೆ ಸಿಕ್ಕಿತು. ಒಳಗೆ ಸುಟ್ಟ ಮೂಳೆಯ ಚೂರುಗಳು. ಜತೆಗೆ ಮೆಡೋಸ್ವೀಟ್ ಎಂಬ ಹೂವಿನ ಪರಾಗ!

ಇವೆರಡೂ ಹೇಗೆ ಉಳಿದವು? ಅಲ್ಲಿನ ಮಣ್ಣು ಹುಳಿ, ಅಂದರೆ ಆಮ್ಲೀಯ. ಹಸಿ ಮೂಳೆಯನ್ನು ಅದು ಕರಗಿಸಿಬಿಡುತ್ತದೆ. ಚಿತೆಯಲ್ಲಿ ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿ ಬೆಂದ ಮೂಳೆಯ ಗತಿಯೇ ಬೇರೆ. ಅದರ ಖನಿಜ ಕಣಗಳು ದೊಡ್ಡವಾಗಿ, ಒತ್ತೊತ್ತಾಗಿ ಕೂತುಬಿಡುತ್ತವೆ. ಮಳೆಗೆ ಹಸಿ ಇಟ್ಟಿಗೆ ಕರಗಿದರೂ ಸುಟ್ಟ ಇಟ್ಟಿಗೆ ಕರಗುವುದಿಲ್ಲ, ಅಲ್ವಾ? ಇದೂ ಹಾಗೆಯೇ. ಪರಾಗಕ್ಕಂತೂ ಬೆಂಕಿಯೂ ಬೇಡ. ಅದರ ಹೊರಕವಚ ಸ್ಪೋರೋಪೊಲೆನಿನ್ ಎಂಬ ಗಟ್ಟಿ ವಸ್ತು. ಪ್ರಯೋಗಾಲಯದಲ್ಲಿ ಮಣ್ಣಿಗೆ ಹೈಡ್ರೋಫ್ಲೋರಿಕ್ ಆಮ್ಲ ಹಾಕುತ್ತಾರೆ. ಮರಳು ಕರಗಿಹೋಗುತ್ತದೆ, ಪರಾಗ ಜಗ್ಗುವುದಿಲ್ಲ. ಹುಳಿ ಮಣ್ಣಿನಲ್ಲಿ ಅದನ್ನು ತಿನ್ನುವ ಸೂಕ್ಷ್ಮಜೀವಿಗಳ ಆಟವೂ ಕಡಿಮೆ. ಮೂಳೆಗೆ ಶತ್ರುವಾದ ಮಣ್ಣೇ ಹೂವಿನ ಗುರುತನ್ನು ಕಾಪಾಡಿತು.

ಗಾಳಿ ಹೊತ್ತು ತಂದಿರಬಹುದಲ್ಲ ಎಂದು ಕೇಳಬಹುದು. ಮೆಡೋಸ್ವೀಟ್ ಮುಖ್ಯವಾಗಿ ಕೀಟಗಳನ್ನು ನಂಬಿದ ಗಿಡ, ಬೆಳೆಯುವುದು ಹೆಚ್ಚಾಗಿ ಕೆಳಗಿನ ಒದ್ದೆ ಹುಲ್ಲುಗಾವಲಿನಲ್ಲಿ. ಬೇಸಿಗೆಯಲ್ಲಿ ಕೆನೆಬಣ್ಣದ ಗೊಂಚಲು ಬಿಡುತ್ತದೆ, ಒಳ್ಳೆಯ ಪರಿಮಳ. ಜೇನಿನಿಂದ ಮಾಡಿದ ಪಾನೀಯದಲ್ಲಿ ಬಂದಿರಬಹುದು ಎಂಬ ವಾದವೂ ಇದೆ. ನನಗೆ ಹೂವೇ ಸರಿ ಅನ್ನಿಸುತ್ತದೆ. ಹೇಗಿದ್ದರೂ ಯಾರೋ ಅದನ್ನು ಅಷ್ಟೆತ್ತರಕ್ಕೆ ಹೊತ್ತು ತಂದಿದ್ದಾರೆ.

ಅದಕ್ಕೇ ಅಲ್ಲಿಗೆ ಹೋಗುವವರಿಗೆ ಒಂದು ಕಳಕಳಿಯ ಮಾತು. ಗಾಳಿಗೆ ಮರೆ ಬೇಕೆಂದು ಗುಪ್ಪೆಯ ಕಲ್ಲು ಕಿತ್ತು ಗೋಡೆ ಕಟ್ಟಬೇಡಿ. ಸುಮ್ನೆ ನೆನಪಿಗೆಂದು ಹೊಸ ಕಲ್ಲು ಪೇರಿಸುವುದೂ ಬೇಡ. ಕಲ್ಲು ಸರಿದರೆ ಕೆಳಗಿನ ಮಣ್ಣು ಬಯಲಾಗುತ್ತದೆ, ಮಳೆ ಅದನ್ನು ಕೊಚ್ಚುತ್ತದೆ. ಪರಾಗ ಇರುವುದು ಆ ಮಣ್ಣಿನಲ್ಲೇ.