ಪ್ರೈಮರ್ ಚಪ್ಪಟೆಯಾದರೆ ಮೊದಲು ಹೆಗಲು ಅಳೆಯಿರಿ

ಮೊನ್ನೆ ಶನಿವಾರ ಮತ್ತೊಬ್ಬರು ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ 40 ಖಾಲಿ ಕೇಸು, ಅಂದರೆ ಹಾರಿಸಿದ ತೋಟಾದ ಹಿತ್ತಾಳೆ ಕವಚ. ದಾವಣಗೆರೆ ಕಡೆಯವರು, ಈಗ ಡಾಲಸ್ ಹತ್ತಿರ ಮನೆ. ಎರಡು ವರ್ಷದಿಂದ ಜಿಂಕೆ ಬೇಟೆಗೆ ಹೋಗುತ್ತಾರೆ. ತಮ್ಮ .308 ವಿಂಚೆಸ್ಟರ್ ರೈಫಲ್‌ಗೆ ತಾವೇ ತೋಟಾ ತುಂಬಿಕೊಳ್ಳುತ್ತಾರೆ. "ಸರ್, ಪ್ರೈಮರ್ ಎಲ್ಲಾ ಚಪ್ಪಟೆ ಆಗ್ತಿದೆ. ಒತ್ತಡ ಜಾಸ್ತಿ ಆಯ್ತು ಅಂತ ಎರಡು ಸಲ ಮದ್ದು ಕಡಿಮೆ ಮಾಡಿದೆ. ಆದರೂ ಹಾಗೇ ಇದೆ" ಅಂದರು. ಪ್ರೈಮರ್ ಅಂದರೆ ಕೇಸಿನ ಬುಡದಲ್ಲಿ ಕೂರುವ, ಪಿನ್ ಬಡಿದಾಗ ಸಿಡಿದು ಮದ್ದಿಗೆ ಬೆಂಕಿ ಹಚ್ಚುವ ಸಣ್ಣ ಬಟ್ಟಲು.

ಎಷ್ಟು ಕಡಿಮೆ ಮಾಡಿದಿರಿ ಎಂದು ಕೇಳಿದೆ. ಮದ್ದಿನ ಅಳತೆ ಕೊಡುವ ಪುಸ್ತಕದಲ್ಲಿರುವ ಆರಂಭದ ಅಳತೆಗಿಂತಲೂ ಕೆಳಗೆ ಇಳಿದಿದ್ದರು. ಅದೂ ತಪ್ಪು. ಆರಂಭದ ಅಳತೆ ಅಂತ ಕೊಟ್ಟಿರುವುದಕ್ಕೆ ಕಾರಣ ಇದೆ, ಅದರ ಕೆಳಗೆ ಹೋಗಬೇಡಿ. ಆದರೆ ನಿಜವಾದ ತೊಂದರೆ ಮದ್ದಿನಲ್ಲಿ ಇರಲೇ ಇಲ್ಲ. ಒಂದು ಕೇಸು ಎತ್ತಿ ಕಿಟಕಿ ಬೆಳಕಿಗೆ ಹಿಡಿದೆ. ಬುಡದಿಂದ ಸ್ವಲ್ಪ ಮೇಲೆ, ಸುತ್ತಲೂ ಒಂದು ತೆಳ್ಳನೆಯ ಹೊಳೆಯುವ ಗೆರೆ ಕಂಡಿತು. ಹೊಟ್ಟೆಯೊಳಗೆ ಸಣ್ಣಗೆ ನಡುಕ ಬಂತು.

ಹಾರಿದ ಕೇಸನ್ನು ಹಿಂಡಿ ಮತ್ತೆ ಅಳತೆಗೆ ತರುವ ಅಚ್ಚು ಡೈ. ಅದನ್ನು ಪ್ರೆಸ್ಸಿನಲ್ಲಿ ಹೇಗೆ ಕೂರಿಸಿದ್ದೀರಿ ಅಂದರೆ ಎಲ್ಲರದೂ ಒಂದೇ ಉತ್ತರ. "ಶೆಲ್ ಹೋಲ್ಡರ್‌ಗೆ ತಾಗುವವರೆಗೆ ಇಳಿಸಿ, ಮತ್ತೆ ಕಾಲು ಸುತ್ತು." ಶೆಲ್ ಹೋಲ್ಡರ್ ಅಂದರೆ ಪ್ರೆಸ್ಸಿನಲ್ಲಿ ಕೇಸಿನ ಬುಡ ಹಿಡಿಯುವ ತುಂಡು. ಡೈ ಜೊತೆ ಬರುವ ಚೀಟಿಯಲ್ಲೇ ಎಷ್ಟೋ ಸಲ ಹೀಗೆ ಬರೆದಿರುತ್ತದೆ, ಹಾಗಾಗಿ ಜನರನ್ನು ಪೂರ್ತಿ ಬೈಯಲೂ ಆಗದು. ಯಾವ ರೈಫಲ್‌ಗಾದರೂ ತೋಟಾ ಒಳಗೆ ಹೋಗಲಿ ಎನ್ನುವುದು ಆ ಸೂಚನೆಯ ಉದ್ದೇಶ. ನಿಮ್ಮ ರೈಫಲ್‌ನ ಚೇಂಬರ್, ಅಂದರೆ ತೋಟಾ ಕೂರುವ ಗೂಡು, ಎಷ್ಟು ಉದ್ದ ಅಂತ ಆ ಚೀಟಿಗೆ ಹೇಗೆ ಗೊತ್ತಿರಬೇಕು?

ಇದೊಂದನ್ನು ನಿಧಾನವಾಗಿ ಹೇಳುತ್ತೇನೆ, ದಯವಿಟ್ಟು ಎರಡು ಸಲ ಓದಿ.

.308 ತೋಟಾ ಚೇಂಬರಿನಲ್ಲಿ ನಿಲ್ಲುವುದು ತನ್ನ ಹೆಗಲಿನ ಮೇಲೆ, ಅಂದರೆ ಕೇಸಿನ ಮೈ ಕುತ್ತಿಗೆಯತ್ತ ಕಿರಿದಾಗುವ ಇಳಿಜಾರಿನ ಮೇಲೆ. ಡೈ ಆ ಹೆಗಲನ್ನು ಜಾಸ್ತಿ ಹಿಂದಕ್ಕೆ ತಳ್ಳಿದರೆ ಕೇಸು ಚೇಂಬರಿಗಿಂತ ಗಿಡ್ಡ ಆಗುತ್ತದೆ. ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್‌ಗೂ ಬುಡಕ್ಕೂ ನಡುವೆ ಸಂದು ಉಳಿಯುತ್ತದೆ. ಕುದುರೆ (ಟ್ರಿಗರ್) ಎಳೆದಾಗ ಪಿನ್ ಬಡಿದು ಇಡೀ ಕೇಸು ಮುಂದಕ್ಕೆ ಸರಿಯುತ್ತದೆ. ಪ್ರೈಮರ್ ಸಿಡಿದು ತಾನು ಹಿಂದಕ್ಕೆ ಜಾರಿ ಬೋಲ್ಟ್‌ಗೆ ಆನಿಕೊಳ್ಳುತ್ತದೆ. ಅಷ್ಟರಲ್ಲಿ ಮದ್ದಿನ ಒತ್ತಡ ಏರುತ್ತದೆ. ಕೇಸಿನ ಮುಂಭಾಗದ ತೆಳು ಗೋಡೆ ಚೇಂಬರಿಗೆ ಅಂಟಿಕೊಂಡು ಅಲ್ಲೇ ಕಚ್ಚಿ ನಿಲ್ಲುತ್ತದೆ. ದಪ್ಪ ಬುಡ ಮಾತ್ರ ಹಿಂದಕ್ಕೆ ಬರಬೇಕು. ಹೇಗೆ ಬರುತ್ತದೆ? ನಡುವಿನ ಹಿತ್ತಾಳೆ ಹಿಗ್ಗಿ ಬರುತ್ತದೆ. ಹಾಗೆ ಬರುವಾಗ ಹೊರಗೆ ಜಾರಿದ್ದ ಪ್ರೈಮರನ್ನು ಬೋಲ್ಟ್‌ಗೆ ಒತ್ತಿ ಚಪ್ಪಟೆ ಮಾಡುತ್ತದೆ. ಅಂದರೆ ಮದ್ದು ಸಾಧಾರಣವಾಗಿದ್ದರೂ ಪ್ರೈಮರ್ ಚಪ್ಪಟೆ ಆಗಬಹುದು. ಮದ್ದು ತೀರಾ ಕಡಿಮೆಯಿದ್ದರೆ ಬುಡ ಹಿಂದೆ ಬರುವುದೇ ಇಲ್ಲ, ಪ್ರೈಮರ್ ಹೊರಗೆ ಚಾಚಿಕೊಂಡೇ ಉಳಿಯುತ್ತದೆ. ನನ್ನ ಮುಂದಿದ್ದ ಡಬ್ಬಿಯಲ್ಲಿ ಎರಡೂ ಬಗೆಯವು ಇದ್ದವು.

ಹಿತ್ತಾಳೆ ಪ್ರತಿ ಸಲ ಒಂದೇ ಜಾಗದಲ್ಲಿ ಹಿಗ್ಗಿ ತೆಳ್ಳಗಾಗುತ್ತದೆ. ಹೊಳೆಯುವ ಗೆರೆ ಆ ಜಾಗ. ಒಂದು ದಿನ ಕೇಸು ಅಲ್ಲೇ ತುಂಡಾಗುತ್ತದೆ, ಬಿಸಿ ಗ್ಯಾಸ್ ಮುಖದ ಕಡೆ ಬರುತ್ತದೆ. .308ಕ್ಕೆ ಅಮೆರಿಕದ ಬಂದೂಕು, ತೋಟಾ ತಯಾರಕರ ಸಾಮಿ (SAAMI) ಸಂಸ್ಥೆ ಇಟ್ಟಿರುವ ಮಿತಿ ಚದರ ಇಂಚಿಗೆ 62,000 ಪೌಂಡ್. ಕಾರಿನ ಚಕ್ರದಲ್ಲಿ ಇರುವುದು ಸುಮಾರು 32.

ಅವರ ಕೇಸುಗಳನ್ನು ಅಳೆದೆವು. ಹಾರಿಸಿದ ಕೇಸಿಗೂ ಡೈಯಿಂದ ಬಂದ ಕೇಸಿಗೂ ಹೆಗಲಿನಲ್ಲಿ 11 ಥೌ ವ್ಯತ್ಯಾಸ. ಪೀಣ್ಯದಲ್ಲಿ ಲೇತ್ ಮುಂದೆ ನಿಂತವರಿಗೆ ಥೌ ಅಂದರೆ ಹೇಳಬೇಕಿಲ್ಲ, ಉಳಿದವರಿಗೆ: ಒಂದು ಇಂಚಿನ ಸಾವಿರದಲ್ಲಿ ಒಂದು ಭಾಗ. .308 ಚೇಂಬರ್ ಪರೀಕ್ಷಿಸುವ 'ಗೋ' ಗೇಜ್ 1.630 ಇಂಚು, 'ನೋ ಗೋ' ಗೇಜ್ 1.634 ಇಂಚು. 'ಗೋ' ಮೇಲೆ ಬೋಲ್ಟ್ ಮುಚ್ಚಬೇಕು, 'ನೋ ಗೋ' ಮೇಲೆ ಮುಚ್ಚಬಾರದು. ಸರಿ ಮತ್ತು ಅನುಮಾನದ ನಡುವೆ ಇರುವುದೇ 4 ಥೌ. ಇವರು ತಮ್ಮ ಕೈಯಾರೆ 11 ಥೌ ಹಿಂದಕ್ಕೆ ದಬ್ಬಿದ್ದರು. ರೈಫಲ್ ಚೆನ್ನಾಗಿಯೇ ಇತ್ತು.

ಬೋಲ್ಟ್ ರೈಫಲ್‌ಗೆ ಸಾಮಾನ್ಯವಾಗಿ ಹೆಗಲನ್ನು 2 ಥೌ ಹಿಂದಕ್ಕೆ ತಳ್ಳಿದರೆ ಸಾಕು. ಸೆಮಿ ಆಟೊ ಆದರೆ 3ರಿಂದ 4. ಕ್ಯಾಲಿಪರ್‌ಗೆ ಹಾಕುವ, ಬುಡದಿಂದ ಹೆಗಲಿನವರೆಗೆ ಅಳೆಯುವ ಕಂಪೇರೇಟರ್ ಒಂದು ಕೊಳ್ಳಿ, ಅದಿಲ್ಲದೆ ಈ ಕೆಲಸ ಕಣ್ಣು ಮುಚ್ಚಿ ಮಾಡಿದ ಹಾಗೆ. ಅಳೆಯುವ ಮೊದಲು ಹಳೆ ಪ್ರೈಮರ್ ತೆಗೆಯಿರಿ, ಇಲ್ಲದಿದ್ದರೆ ಅದರ ಉಬ್ಬು ಲೆಕ್ಕ ಕೆಡಿಸುತ್ತದೆ. ಹಾರಿಸಿದ ನಾಲ್ಕೈದು ಕೇಸು ಅಳೆದು ಅತಿ ಉದ್ದದ್ದನ್ನು ಹಿಡಿಯಿರಿ.

ಡೈಯನ್ನು ಮೇಲಿಂದ ಶುರು ಮಾಡಿ ಇಳಿಸುತ್ತಾ, ಪ್ರತಿ ಸಲ ಕೇಸನ್ನು ರೈಫಲ್ಲಿಗೆ ಹಾಕಿ ನೋಡುತ್ತಾ ಬಂದಾಗ ಒಂದು ಹಂತದಲ್ಲಿ ಬೋಲ್ಟ್ ಮೊದಲಿಗಿಂತ ಬಿಗಿ ಆಗುತ್ತದೆ. ಗಾಬರಿ ಬೇಡ. ಡೈ ಕೇಸಿನ ಮೈಯನ್ನು ಹಿಂಡಿದಾಗ ಹೆಗಲು ಮುಂದಕ್ಕೆ ಉಕ್ಕುತ್ತದೆ. ರೊಟ್ಟಿ ಹಿಟ್ಟಿನ ಉಂಡೆಯನ್ನು ಮುಷ್ಟಿಯಲ್ಲಿ ಹಿಸುಕಿದರೆ ಮೇಲೆ ಬರುತ್ತದಲ್ಲ, ಹಾಗೆ. ಇನ್ನೂ ಸ್ವಲ್ಪ ಇಳಿಸಿದರೆ ಡೈ ಹೆಗಲಿಗೆ ತಾಗಿ ಸರಿಹೋಗುತ್ತದೆ. ಇಲ್ಲೇ ಹೆಚ್ಚಿನವರು ತಾಳ್ಮೆ ಕಳೆದುಕೊಂಡು ಡೈಯನ್ನು ತಳಕ್ಕೆ ತಿರುಗಿಸಿಬಿಡುವುದು. ಒಂದೇ ಡೈಯಿಂದ ಒಂದೊಂದು ಕೇಸು ಒಂದೊಂದು ಅಳತೆ ಬಂದರೆ ಎಣ್ಣೆ ಸಮನಾಗಿ ಹಚ್ಚಿದ್ದೀರಾ ನೋಡಿ. ಹಚ್ಚಿದ್ದರೆ, ಹಿತ್ತಾಳೆ ಹಲವು ಸಲ ಹಾರಿ ಗಡುಸಾಗಿರಬಹುದು. ಗಡುಸು ಹಿತ್ತಾಳೆ ಒತ್ತಿದಷ್ಟೂ ವಾಪಸ್ ಬರುತ್ತದೆ. ಕಾಯಿಸಿ ಹದ ಮಾಡಬೇಕು, ಅದೂ ಕುತ್ತಿಗೆ ಮತ್ತು ಹೆಗಲನ್ನು ಮಾತ್ರ. ಬುಡಕ್ಕೆ ಬಿಸಿ ತಾಗಲೇಬಾರದು.

ಹಾಗಂತ ಚಪ್ಪಟೆ ಪ್ರೈಮರ್ ಎಲ್ಲಾ ಸುಳ್ಳು ಅಂದುಕೊಳ್ಳಬೇಡಿ. ಹೆಗಲು ಸರಿಯಿದ್ದೂ ಚಪ್ಪಟೆ ಆಗುತ್ತಿದ್ದರೆ, ಬೋಲ್ಟ್ ಎತ್ತಲು ಬಿಗಿ ಬಂದರೆ, ಬುಡದ ಮೇಲೆ ಖಾಲಿ ಕೇಸನ್ನು ಹೊರಗೆ ತಳ್ಳುವ ಇಜೆಕ್ಟರ್‌ನ ದುಂಡು ಗುರುತು ಹೊಳೆದರೆ, ಆ ಕ್ಷಣವೇ ನಿಲ್ಲಿಸಿ. ಉಳಿದ ತೋಟಾಗಳನ್ನು ಮನೆಗೆ ಒಯ್ದು ಬಿಚ್ಚಿ. ಹೋದ ಆಗಸ್ಟ್‌ನಲ್ಲಿ ಒಬ್ಬ ಹಿರಿಯರು ಬೋಲ್ಟ್ ಹಿಡಿಯನ್ನು ಅಂಗೈಯಿಂದ ಗುದ್ದಿ ಎತ್ತುತ್ತಿದ್ದರು. ಕೇಳಿದರೆ "ಪ್ರೈಮರ್ ದುಂಡಗೇ ಇದೆಯಲ್ಲ" ಅಂದರು. ತೋಟಾ ಡಬ್ಬಿ ಬೆಳಗಿನಿಂದ ಪಿಕಪ್‌ನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲು ಕಾಯುತ್ತಿತ್ತು. ಕಾದ ಮದ್ದು ಜಾಸ್ತಿ ಒತ್ತಡ ಕೊಡುತ್ತದೆ. ಒಳ್ಳೆಯ ಮನುಷ್ಯ, ಮಾತು ಕೇಳಿ ಅಂದಿಗೆ ನಿಲ್ಲಿಸಿದರು. .30-30 ತರಹದ ಹಳೆ ತೋಟಾಗೆ ಮಿತಿ 42,000. ಅದರಲ್ಲಿ ಗುರುತು ಕಾಣುವ ಹೊತ್ತಿಗೆ ಮಿತಿ ದಾಟಿ ಎಷ್ಟೋ ದೂರ ಹೋಗಿರುತ್ತೀರಿ. ಪ್ರೈಮರ್ ಒತ್ತಡದ ಮೀಟರ್ ಅಲ್ಲ. ಪುಸ್ತಕದ ಅಳತೆ ಮತ್ತು ಗುಂಡಿನ ವೇಗ ಅಳೆಯುವ ಕ್ರೋನೊಗ್ರಾಫ್ ತೋರಿಸುವ ವೇಗ, ಇವೆರಡನ್ನು ನಂಬಿ. ವೇಗ ಪುಸ್ತಕಕ್ಕಿಂತ ಮೇಲೆ ಹೋದರೆ ಒತ್ತಡವೂ ಹೋಗಿದೆ ಅಂತಲೇ ತಿಳಿಯಿರಿ. ನಿಮ್ಮ ರೈಫಲನ್ನು ನೋಡದೆ ನಾನು ಇದಕ್ಕಿಂತ ಹೆಚ್ಚು ಹೇಳುವುದು ಸರಿಯಲ್ಲ. ಅನುಮಾನವಿದ್ದರೆ ಗನ್‌ಸ್ಮಿತ್ ಹತ್ತಿರ ಗೇಜ್ ಹಾಕಿಸಿ.

ಕೊಡಗಿನಿಂದಲೂ ಕೆಲವರು ಕೇಳುತ್ತಾರೆ. ಅಮೆರಿಕದಲ್ಲಿ ಸ್ವಂತಕ್ಕೆ ತೋಟಾ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆ ಪ್ರಕಾರ ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. ಕೊಡವರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳಲು, ತೋಟಾ ಮಾಡಲು ಅಲ್ಲ.

ದಾವಣಗೆರೆಯವರಿಗೆ ಆ 40 ಕೇಸು ಬಿಡಲು ಮನಸ್ಸಿರಲಿಲ್ಲ. "ಇನ್ನೊಂದೇ ಸಲ ಬಳಸಲಾ?" ಅಂದರು. ನಾನು ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ, ತುದಿ ಬಗ್ಗಿಸಿ ಅವರ ಕೈಗೆ ಕೊಟ್ಟೆ. ಕೇಸಿನೊಳಗೆ ಬಿಟ್ಟು ಗೋಡೆಗುಂಟ ಮೇಲೆ ಎಳೆದರು. ತಂತಿ ಗೆರೆಯ ಹತ್ತಿರ ಸಿಕ್ಕಿಕೊಂಡಿತು. ಇನ್ನೊಂದು ಕೇಸು ತೆಗೆದರು, ಅಲ್ಲೂ ಸಿಕ್ಕಿತು. ಮೂರನೆಯದನ್ನು ಹ್ಯಾಕ್ಸಾದಿಂದ ಉದ್ದಕ್ಕೆ ಸೀಳಿ ತೋರಿಸಿದೆ. ಒಳಗಡೆ ಕೊರೆದ ಹಾಗೆ ಒಂದು ಕಾಲುವೆ, ಅಲ್ಲಿ ಉಳಿದಿದ್ದ ಹಿತ್ತಾಳೆ ಕಾಗದದಷ್ಟು. ಅವರು ಏನೂ ಮಾತಾಡಲಿಲ್ಲ. ಇಕ್ಕಳ ತೆಗೆದುಕೊಂಡು ಉಳಿದವುಗಳ ಬಾಯಿ ಒಂದೊಂದಾಗಿ ಅಮುಕಿ ಗುಜರಿ ಬಕೆಟ್ಟಿಗೆ ಹಾಕಿದರು. ಸೀಳಿದ್ದನ್ನು ಮಾತ್ರ ಜೇಬಿಗೆ ಹಾಕಿಕೊಂಡು ಹೋದರು, ಪ್ರೆಸ್ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾರಂತೆ.