ಮ್ಯಾಕ್ ಅಡ್ರೆಸ್‌ಗೆ ನೇರವಾಗಿ ಕೈ ಹಾಕಬೇಡಿ

ಹಳೆಯ ಈಥರ್ನೆಟ್ ಡ್ರೈವರ್ ಒಂದನ್ನು ಲಿನಕ್ಸ್ 5.17 ಅಥವಾ ಅದಕ್ಕಿಂತ ಹೊಸ ಕರ್ನಲ್‌ಗೆ ಬಿಲ್ಡ್ ಮಾಡಲು ಹೊರಟವರು ಎಡವುವುದು ಹೆಚ್ಚಾಗಿ ಡೆವ್_ಅಡ್ರ್ ಹತ್ತಿರ. ಡಿವೈಸಿನ ಮ್ಯಾಕ್ ಅಡ್ರೆಸ್, ಅಂದರೆ ಅದರ ಹಾರ್ಡ್‌ವೇರ್ ವಿಳಾಸ, ಇರುವ ಜಾಗ ಅದು. ವರ್ಷಗಟ್ಟಲೆ ಡ್ರೈವರ್‌ಗಳು ಅದಕ್ಕೆ ನೇರವಾಗಿ ಬರೆಯುತ್ತಿದ್ದವು. ರಿಜಿಸ್ಟರಿನಿಂದ ಒಂದೊಂದೇ ಬೈಟ್ ಓದು, ಅಲ್ಲೇ ತುಂಬು, ಮುಗೀತು. 2022ರ ಮಾರ್ಚ್‌ನಲ್ಲಿ ಬಂದ 5.17 ಅದನ್ನು ಕಾನ್ಸ್ಟ್ ಮಾಡಿತು, ಅಂದರೆ ಓದಬಹುದು, ನೇರವಾಗಿ ಬರೆಯಲು ಹೋದರೆ ಕಂಪೈಲರ್ ತಕರಾರು ಮಾಡುತ್ತದೆ.

ಕಾನ್ಸ್ಟ್ ತೆಗೆದುಹಾಕುವ ಒಂದು ಟೈಪ್ ಕ್ಯಾಸ್ಟ್ ಹಾಕಿದರೆ ಎರರ್ ಹೋಗುತ್ತೆ ಅಲ್ವಾ? ಹೋಗುತ್ತೆ. ಆದರೆ ಬೇಡ.

ಇದು ಸುಮ್ನೆ ಶಿಸ್ತಿಗಾಗಿ ಮಾಡಿದ ಬದಲಾವಣೆ ಅಲ್ಲ. ಒಂದು ಬಾಂಡ್ (ಹಲವು ನೆಟ್‌ವರ್ಕ್ ಕಾರ್ಡ್‌ಗಳನ್ನು ಒಂದಾಗಿಸಿದ ಇಂಟರ್‌ಫೇಸ್) ಮೇಲೆ ರಾಶಿ ವಿಲ್ಯಾನ್‌ಗಳು (ವರ್ಚುವಲ್ ನೆಟ್‌ವರ್ಕ್‌ಗಳು), ಅವುಗಳ ಮೇಲೆ ಐಪಿವಿ6 ವಿಳಾಸಗಳು ಇದ್ದಾಗ ಲಿಂಕ್ ಅಪ್-ಡೌನ್ ಆಗುವುದೇ ವಿಪರೀತ ನಿಧಾನವಾಗುತ್ತಿತ್ತು, ಏಕೆಂದರೆ ಕರ್ನಲ್ ಪ್ರತಿ ಸಲ ವಿಳಾಸಗಳ ಉದ್ದನೆಯ ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ಹುಡುಕುತ್ತಿತ್ತು. ಅದಕ್ಕೆ ಆ ಪಟ್ಟಿಯ ಜೊತೆಗೆ ಬೇಗ ಹುಡುಕಲು ಒಂದು ರೆಡ್-ಬ್ಲ್ಯಾಕ್ ಟ್ರೀ (ಕ್ರಮದಲ್ಲಿ ಜೋಡಿಸಿಟ್ಟ ಮರದಂಥ ರಚನೆ) ಸೇರಿಸಿದರು. ಟ್ರೀಯಲ್ಲಿ ಪ್ರತಿ ವಿಳಾಸದ ಜಾಗ ತೀರ್ಮಾನವಾಗುವುದು ಅದರ ಬೈಟ್‌ಗಳಿಂದಲೇ. ಈಗ ನೀವು ನೇರವಾಗಿ ಬೈಟ್ ಬದಲಾಯಿಸಿದರೆ ಟ್ರೀಗೆ ಗೊತ್ತೇ ಆಗುವುದಿಲ್ಲ. ಸೈಟು ಮಾರಿ ಖಾತೆ ಬದಲಾಯಿಸದೆ ಬಿಟ್ಟ ಹಾಗೆ.

ಇಲ್ಲಿ ಒಂದು ಮೋಸ ಇದೆ. ಬೈಟ್‌ಗೆ ನೇರವಾಗಿ ಅಸೈನ್ ಮಾಡಿದ್ದರೆ ಕಂಪೈಲರ್ ಎರರ್ ಕೊಟ್ಟು ನಿಲ್ಲಿಸುತ್ತದೆ. ಬೈಟ್‌ಗಳನ್ನು ಒಟ್ಟಿಗೆ ನಕಲಿಸುವ ಮೆಮ್‌ಕಾಪಿ ಬಳಸಿದ್ದರೆ ಜಿಸಿಸಿ ಕಂಪೈಲರ್ ಬರೀ ವಾರ್ನಿಂಗ್ ಕೊಡುತ್ತದೆ, ವಾರ್ನಿಂಗ್‌ಗಳನ್ನು ಎರರ್ ಎಂದು ಎಣಿಸುವ ಆಯ್ಕೆ ಆನ್ ಇಲ್ಲದಿದ್ದರೆ ಮಾಡ್ಯೂಲ್ ಆರಾಮಾಗಿ ಬಿಲ್ಡ್ ಆಗಿ ಲೋಡ್ ಕೂಡ ಆಗುತ್ತದೆ. ಕರ್ನಲ್ ಹತ್ತಿರ ವಿಳಾಸದ ಇನ್ನೊಂದು ಪ್ರತಿ ಇರುತ್ತದೆ. ಇಂಟರ್‌ಫೇಸ್ ಅಪ್ ಮಾಡುವಾಗ ಎರಡನ್ನೂ ಹೋಲಿಸಿ, ತಾಳೆಯಾಗದಿದ್ದರೆ ಈಗಿನದು ಇದು, ಇರಬೇಕಾದದ್ದು ಇದು ಎಂದು ಎರಡನ್ನೂ ಕರ್ನಲ್ ಲಾಗ್ ಆದ ಡಿಮೆಸೇಜ್‌ಗೆ ಬರೆದು ಸ್ಟಾಕ್ ಟ್ರೇಸ್ ಸುರಿಯುತ್ತದೆ. ಹಾಗಾಗಿ ಪೋರ್ಟ್ ಮಾಡಿದ ಮೇಲೆ ಲೋಡ್ ಆಯಿತು ಎಂದು ಬಿಡಬೇಡಿ, ಇಂಟರ್‌ಫೇಸ್ ಅಪ್ ಮಾಡಿ ಲಾಗ್ ನೋಡಿ.

ಸರಿಯಾದ ದಾರಿ ಕಷ್ಟದ್ದೇನಲ್ಲ. ಆರು ಬೈಟಿನ ಲೋಕಲ್ ಬಫರ್‌ಗೆ ಓದಿ, ಆಮೇಲೆ ಈಥ್_ಎಚ್‌ಡಬ್ಲ್ಯೂ_ಅಡ್ರ್_ಸೆಟ್ ಕರೆಯಿರಿ. ಓದುವುದು ಅರ್ಧಕ್ಕೆ ಫೇಲ್ ಆದರೆ ಬಫರಿನಲ್ಲಿ ಸ್ಟಾಕ್‌ನ ಕಸ ಉಳಿದಿರುತ್ತದೆ, ಸೆಟ್ ಮಾಡುವ ಮೊದಲು ರಿಟರ್ನ್ ವ್ಯಾಲ್ಯೂ ನೋಡಿಕೊಳ್ಳಿ. ರ‍್ಯಾಂಡಮ್ ವಿಳಾಸ ಬೇಕಿದ್ದರೆ ಬೈಟ್‌ಗಳನ್ನು ನೀವೇ ಹುಟ್ಟಿಸಬೇಡಿ. ಈಥ್_ಎಚ್‌ಡಬ್ಲ್ಯೂ_ಅಡ್ರ್_ರ‍್ಯಾಂಡಮ್ ಇದೆ, ಅದು ವಿಳಾಸ ರ‍್ಯಾಂಡಮ್ ಎಂಬ ಗುರುತನ್ನೂ ಹಾಕುತ್ತದೆ. ಈಥರ್ನೆಟ್ ಅಲ್ಲದ ಲಿಂಕ್ ಆದರೆ ಆರು ಬೈಟ್ ಎಂದು ನಂಬುವ ಹಾಗಿಲ್ಲ, ಇನ್ಫಿನಿಬ್ಯಾಂಡ್‌ನಲ್ಲಿ 20 ಬೈಟ್ ಇರುತ್ತದೆ. ಅಲ್ಲಿಗೆ ಡೆವ್_ಅಡ್ರ್_ಸೆಟ್.

ಹಳೆಯ ಡ್ರೈವರ್‌ಗೆ ಎದುರಾಗುವ ಇನ್ನೊಂದು ಬದಲಾವಣೆ ನ್ಯಾಪಿಯದು (ಬಂದ ಪ್ಯಾಕೆಟ್‌ಗಳನ್ನು ಗುಂಪಾಗಿ ಎತ್ತಿಕೊಳ್ಳುವ ವ್ಯವಸ್ಥೆ), ಅದು ಇದಕ್ಕಿಂತ ಸುಲಭ. 6.1ರಿಂದ ನೆಟ್‌ಇಫ್_ನ್ಯಾಪಿ_ಆ್ಯಡ್‌ಗೆ ವೇಯ್ಟ್ (ಒಂದು ಸಲಕ್ಕೆ ಎಷ್ಟು ಪ್ಯಾಕೆಟ್ ಎಂಬ ಮಿತಿ) ಕೊಡುವಂತಿಲ್ಲ. ನಿಮ್ಮದು 64 ಇದ್ದರೆ ಆ ಆರ್ಗ್ಯುಮೆಂಟ್ ಅಳಿಸಿ. ಬೇರೆ ಇದ್ದರೆ ಹೆಸರಿನ ಕೊನೆಗೆ ವೇಯ್ಟ್ ಇರುವ ಇನ್ನೊಂದು ಫಂಕ್ಷನ್ ಬಳಸಿ.

ಡ್ರೈವರ್ ಕರ್ನಲ್‌ನ ಮೂಲ ಸೋರ್ಸ್ ಕೋಡ್‌ನ ಹೊರಗಿದ್ದು ಹಳೆಯದಕ್ಕೂ ಹೊಸದಕ್ಕೂ ಬಿಲ್ಡ್ ಆಗಬೇಕಾದರೆ ಹೊಸ ಫಂಕ್ಷನ್‌ಗಳನ್ನೇ ಎಲ್ಲೆಡೆ ಕರೆಯಿರಿ, ಇಲ್ಲದ ಕರ್ನಲ್‌ಗಳಿಗೆ ಒಂದೇ ಹೆಡರ್ ಫೈಲಿನಲ್ಲಿ ಬದಲಿ ಬರೆದಿಡಿ. ಆದರೆ ವಿಳಾಸ ಸೆಟ್ ಮಾಡುವ ಈ ಫಂಕ್ಷನ್‌ಗಳು ಬಂದ 5.15ಕ್ಕಿಂತ ಹಳೆಯದಾ ಎಂದು ವರ್ಷನ್ ನಂಬರ್ ನೋಡಿ ತೀರ್ಮಾನಿಸಬೇಡಿ. ರೆಡ್ ಹ್ಯಾಟ್‌ನಂಥ ಎಂಟರ್‌ಪ್ರೈಸ್ ಕರ್ನಲ್‌ಗಳು ಹಳೆಯ ನಂಬರನ್ನೇ ಇಟ್ಟುಕೊಂಡು ಹೊಸ ಫಂಕ್ಷನ್‌ಗಳನ್ನು ಬ್ಯಾಕ್‌ಪೋರ್ಟ್ ಮಾಡುತ್ತವೆ (ಹಳೆಯದಕ್ಕೆ ತಂದು ಸೇರಿಸುತ್ತವೆ), ಆಗ ಒಂದೇ ಹೆಸರು ಎರಡು ಸಲ ಡಿಫೈನ್ ಆಗಿ ಬಿಲ್ಡ್ ಬೀಳುತ್ತದೆ. ಬಿಲ್ಡ್ ಶುರುವಾಗುವ ಮೊದಲು ಪುಟ್ಟದೊಂದು ಟೆಸ್ಟ್ ಫೈಲ್ ಕಂಪೈಲ್ ಮಾಡಿ ಆ ಫಂಕ್ಷನ್ ಇದೆಯಾ ಎಂದು ನೋಡುವುದೇ ವಾಸಿ.