ಎಳೆಗೂಸಿನ ನಾಲಿಗೆ ಮೇಲೆ ಗಾಂಜಾದ ಹನಿ

1839ರ ಸೆಪ್ಟೆಂಬರ್. ಕಲ್ಕತ್ತೆಯ ಒಂದು ಮನೆಯಲ್ಲಿ ನಲವತ್ತು ದಿನದ ಹೆಣ್ಣು ಮಗುವಿಗೆ ಮೇಲಿಂದ ಮೇಲೆ ಫಿಟ್ಸ್. ಬಿಸಿನೀರಿನ ಸ್ನಾನ ಆಯಿತು, ಜಿಗಣೆ ಬಿಟ್ಟಿದ್ದಾಯಿತು, ಭೇದಿಗೆ ಕೊಟ್ಟಿದ್ದಾಯಿತು. ಯಾವುದೂ ತಾಗಲಿಲ್ಲ. ಕೊನೆಗೆ ಒಂದು ರಾತ್ರಿ ಡಾಕ್ಟರು ಮಗುವಿನ ನಾಲಿಗೆ ಮೇಲೆ ಒಂದು ಹನಿ ಔಷಧಿ ಬಿಟ್ಟರು. ಏನೂ ಆಗಲಿಲ್ಲ. ಒಂದೂವರೆ ಗಂಟೆ ಕಾದು ಇನ್ನೆರಡು ಹನಿ ಬಿಟ್ಟರು. ಮಗು ಕೆಲವೇ ನಿಮಿಷದಲ್ಲಿ ನಿದ್ದೆ ಹೋಯಿತು. ಎದ್ದಾಗ ಹಸಿವಿಗೆ ಜೋರಾಗಿ ಅತ್ತು, ಹಾಲು ಕುಡಿದು, ಮತ್ತೆ ಮಲಗಿತು. ನಾಲ್ಕು ದಿನ ಫಿಟ್ಸ್ ಇಲ್ಲ.

ಆ ಹನಿ ಸಾರಾಯಿಯಲ್ಲಿ ಕರಗಿಸಿದ ಗಾಂಜಾ ರಸ. ಕೊಟ್ಟವರು ವಿಲಿಯಂ ಬ್ರೂಕ್ ಓಶಾನೆಸ್ಸಿ. ಐರ್ಲೆಂಡಿನವರು, ಕಲ್ಕತ್ತಾ ಮೆಡಿಕಲ್ ಕಾಲೇಜಿನ ಮೇಷ್ಟ್ರು. ಮುಂದೆ ನಮ್ಮ ದೇಶಕ್ಕೆ ಟೆಲಿಗ್ರಾಫ್ ತಂತಿ ಎಳೆಸಿದವರೂ ಇವರೇ.

ಮನುಷ್ಯರಿಗೆ ಕೊಡುವ ಮೊದಲು ಅವರು ಪ್ರಾಣಿಗಳ ಮೇಲೆ ನೋಡಿದ್ದರು. ನೇಪಾಳದ ಚರಸ್, ಅಂದರೆ ಗಾಂಜಾ ಗಿಡದ ರಾಳ, ತಿಂದ ಒಂದು ನಾಯಿ ತೂಕಡಿಸಿತಂತೆ, ನಡುನಡುವೆ ಎದ್ದು ಪರಮಸುಖದಲ್ಲಿರುವಂತೆ ಬಾಲ ಅಲ್ಲಾಡಿಸಿತಂತೆ, ಕೊಟ್ಟದ್ದನ್ನು ಗಬಗಬ ತಿಂದಿತಂತೆ. ಕರೆದರೆ ತೂರಾಡುತ್ತಾ ಬಂತು. ಆರು ಗಂಟೆ ಕಳೆದ ಮೇಲೆ ಏನೂ ಆಗಿಲ್ಲವೇನೋ ಎಂಬಂತೆ ಓಡಾಡತೊಡಗಿತು. ಕಾಗೆ, ರಣಹದ್ದು, ಮೀನುಗಳಿಗೂ ಅಮಲೇರಿತು. ಹುಲ್ಲು ತಿನ್ನುವ ಹಸು, ಕುರಿ, ಮೇಕೆಗಳಿಗೆ ಮಾತ್ರ ಅಷ್ಟಾಗಿ ತಾಗಲಿಲ್ಲ. ಇಷ್ಟೆಲ್ಲ ನೋಡಿದ ಮೇಲೆಯೇ ಸಂಧಿವಾತ, ಕಾಲರಾ, ಧನುರ್ವಾಯು ಬಂದ ರೋಗಿಗಳಿಗೆ ಕೊಡಲು ಶುರು ಮಾಡಿದ್ದು.

ಆದರೆ ಮಗುವಿನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಫಿಟ್ಸ್ ಮರಳಿ ಬಂತು. ಮೂರು ಹನಿಗೆ ಜಗ್ಗಲಿಲ್ಲ. ಡೋಸ್ ಏರಿಸುತ್ತಾ ಏರಿಸುತ್ತಾ ಒಂದು ಹಂತದಲ್ಲಿ ನೂರರ ಮೇಲೆ ಹೋಯಿತು. ಅದೇ ಔಷಧಿಯ ಹತ್ತು ಹನಿ ಕುಡಿದು ಕಾಲೇಜಿನ ಹುಡುಗನೊಬ್ಬ ಅಮಲೇರಿ ಕೂತಿದ್ದ! ಮಗು ಕೊನೆಗೆ ಚೇತರಿಸಿಕೊಂಡು ದುಂಡುದುಂಡಗೆ ಆಯಿತು, ನಿಜ. ಆದರೆ ಒಬ್ಬರಿಗೆ ಹತ್ತು ಹನಿ ಜಾಸ್ತಿ, ಇನ್ನೊಬ್ಬರಿಗೆ ನೂರು ಸಾಲದು ಅಂದರೆ ಡಾಕ್ಟರು ಚೀಟಿಯಲ್ಲಿ ಏನಂತ ಬರೆಯಬೇಕು?

ಗಾಂಜಾ ಔಷಧಿ ಮುಗ್ಗರಿಸಿದ್ದು ಇಲ್ಲೇ. ಓಶಾನೆಸ್ಸಿ ಅದನ್ನು ಇಂಗ್ಲೆಂಡಿಗೆ ಒಯ್ದರು, ಯುರೋಪ್, ಅಮೆರಿಕದ ಔಷಧಿ ಅಂಗಡಿಗಳಲ್ಲೆಲ್ಲ ಅದರ ಸೀಸೆಗಳು ಬಂದವು. ಆದರೆ ಒಂದು ಸೀಸೆ ಸಪ್ಪೆ, ಇನ್ನೊಂದು ಉಗ್ರ. ಅಫೀಮಿನಿಂದ ಮಾರ್ಫಿನ್ ಬೇರ್ಪಡಿಸಿಯಾಗಿತ್ತು, ಅದು ನೀರಿನಲ್ಲಿ ಕರಗುತ್ತಿತ್ತು, ಸೂಜಿಯಲ್ಲಿ ಚುಚ್ಚಬಹುದಿತ್ತು. ಗಾಂಜಾದ ಸತ್ವ ಅಂಟಂಟು ರಾಳದಲ್ಲಿರುತ್ತದೆ, ನೀರಿಗೆ ಬಿಟ್ಟುಕೊಡುವುದಿಲ್ಲ. ಜಿಡ್ಡಿಗೆ, ಸಾರಾಯಿಗೆ ಬಿಡುತ್ತದೆ. ಭಂಗಿಯನ್ನು ಹಾಲು, ತುಪ್ಪದ ಜೊತೆ ಮಾಡುವುದು ಯಾಕೆ ಅಂದುಕೊಂಡಿರಿ? ಬರೀ ರುಚಿಗಲ್ಲ. ಅಡುಗೆಮನೆಗೆ ತಿಳಿದಿದ್ದ ಈ ರಸಾಯನಶಾಸ್ತ್ರ ಪ್ರಯೋಗಶಾಲೆಗೆ ಒಗ್ಗಲಿಲ್ಲ. ಕಾನೂನೂ ಬಿಗಿಯಾಯಿತು. 1932ರಲ್ಲಿ ಬ್ರಿಟನ್ನಿನ ಔಷಧಿ ಪಟ್ಟಿಯಿಂದ ಗಾಂಜಾ ಹೊರಬಿತ್ತು.

ಮತ್ತೆ ಅದನ್ನು ಕೈಗೆತ್ತಿಕೊಂಡವರು ಇಸ್ರೇಲಿನ ರಸಾಯನಶಾಸ್ತ್ರಜ್ಞ ರಾಫೇಲ್ ಮೆಶೂಲಮ್. ಪೊಲೀಸರು ಹಿಡಿದಿಟ್ಟಿದ್ದ ಐದು ಕಿಲೋ ಲೆಬನಾನ್ ಹಶೀಶನ್ನು ಕೇಳಿ ಪಡೆದು, ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲೇ ರೆಹೊವೊತ್‌ನ ವೈಜ್‌ಮನ್ ಸಂಸ್ಥೆಗೆ ಹೊರಟರು. ಇದೇನು ವಾಸನೆ ಅಂತ ಸಹಪ್ರಯಾಣಿಕರು ಮೂಗು ಮುರಿದರಂತೆ. ಆ ಚೀಲದಿಂದ 1963ರಲ್ಲಿ ಗಾಂಜಾದೊಳಗಿನ ಸಿಬಿಡಿ ಎಂಬ ರಾಸಾಯನಿಕದ ರಚನೆ ತಿಳಿಯಿತು, 1964ರಲ್ಲಿ ಯೆಹಿಯೆಲ್ ಗಾವೊನಿ ಜೊತೆಗೂಡಿ ಟಿಎಚ್‌ಸಿ ಎಂಬ ಇನ್ನೊಂದನ್ನು ಬೇರ್ಪಡಿಸಿದರು. ಅಮಲು ಕೊಡುವುದು ಟಿಎಚ್‌ಸಿ. ಸಿಬಿಡಿ ಅಮಲು ಕೊಡುವುದಿಲ್ಲ. ಇಷ್ಟು ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ.

ಗಿಡದ ವಸ್ತು ನಮ್ಮ ಮೆದುಳಿನ ಮೇಲೆ ಕೆಲಸ ಮಾಡಬೇಕಾದರೆ ಅದನ್ನು ಹಿಡಿದುಕೊಳ್ಳುವ ಗ್ರಾಹಕ ನಮ್ಮಲ್ಲಿರಬೇಕು ಅಲ್ವಾ? 1988ರಲ್ಲಿ ಅದೂ ಸಿಕ್ಕಿತು. ಅಂಥ ಗ್ರಾಹಕ ಇದೆ ಅಂದಮೇಲೆ ಮೈಯೊಳಗೇ ತಯಾರಾಗುವ ವಸ್ತುವೂ ಇರಲೇಬೇಕು. 1992ರಲ್ಲಿ ಮೆಶೂಲಮ್ ತಂಡ ಅದನ್ನು ಕಂಡುಹಿಡಿದು ‘ಆನಂದಮೈಡ್’ ಅಂತ ಹೆಸರಿಟ್ಟಿತು. ನಮ್ಮ ‘ಆನಂದ’ವೇ ಅದು, ಸಂಸ್ಕೃತದಿಂದ ಎತ್ತಿಕೊಂಡದ್ದು.

ಆನಂದಮೈಡ್ ಮಾಡುವ ಕೆಲಸ ಸೊಗಸಾಗಿದೆ. ಗಣೇಶನ ಪೆಂಡಾಲಿನ ಸ್ಪೀಕರ್ ಕಿವಿ ಕಿತ್ತುಹೋಗುವ ಹಾಗೆ ಕೂಗುವಾಗ ಎದುರುಮನೆಯವರು ಬಂದು ‘ಸ್ವಲ್ಪ ಸಣ್ಣ ಮಾಡ್ರಪ್ಪಾ’ ಅನ್ನುವುದಿಲ್ಲವೇ? ಹಾಗೇ. ನರಕೋಶಗಳ ನಡುವೆ ಸಂದೇಶ ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಹೋಗುತ್ತದೆ. ಸದ್ದು ಜಾಸ್ತಿಯಾದರೆ ಕೇಳಿಸಿಕೊಳ್ಳುವ ಕೋಶವೇ ಇಂಥ ವಸ್ತುವನ್ನು ಹಿಂದಕ್ಕೆ ಕಳಿಸಿ, ಕೂಗುವ ಕೋಶವನ್ನು ತಗ್ಗಿಸುತ್ತದೆ. ಬೇಕಾದ ಕಡೆ, ಬೇಕಾದಷ್ಟು ಹೊತ್ತು ಮಾತ್ರ. ಆಮೇಲೆ ಕರಗಿಹೋಗುತ್ತದೆ. ಟಿಎಚ್‌ಸಿ ಬಂದರೆ ಊರಿನ ಎಲ್ಲ ಸ್ಪೀಕರಿನ ಮೇಲೂ ಒಟ್ಟಿಗೆ ಕೈಯಿಟ್ಟು, ಗಂಟೆಗಟ್ಟಲೆ ತೆಗೆಯುವುದಿಲ್ಲ. ನೋವು, ವಾಕರಿಕೆ ತಗ್ಗುತ್ತವೆ. ನೆನಪು, ಸಮಯದ ಅರಿವು, ಕಾಲಿನ ಹಿಡಿತವೂ ತಗ್ಗುತ್ತವೆ.

ಕೀಮೋ ತೆಗೆದುಕೊಳ್ಳುವವರ ವಾಂತಿಗೆ ಟಿಎಚ್‌ಸಿಯ ಮಾತ್ರೆ ಅಮೆರಿಕದಲ್ಲಿ 1985ರಿಂದಲೇ ಇದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗದಲ್ಲಿ ಕಾಲು ಕೊರಡಿನಂತೆ ಬಿಗಿಯುತ್ತದಲ್ಲ, ಅದಕ್ಕೆ ಬಾಯಿಗೆ ಹೊಡೆದುಕೊಳ್ಳುವ ಗಾಂಜಾ ಸತ್ವದ ಸ್ಪ್ರೇ 2010ರಲ್ಲಿ ಬ್ರಿಟನ್ನಿನಲ್ಲಿ ಬಂತು. ಬಹುಕಾಲದ ನೋವು ಕೆಲವರಿಗೆ ಕಡಿಮೆಯಾಗುತ್ತದೆ, ಮಾಯವಾಗುವುದು ಅಪರೂಪ. ಕ್ಯಾನ್ಸರನ್ನೇ ಗುಣ ಮಾಡುತ್ತದೆ ಅಂತ ವಾಟ್ಸಾಪಿನಲ್ಲಿ ಓಡಾಡುವುದು ಸುಮ್ನೆ ಮಾತು. ಇನ್ನು ಹದಿಹರೆಯದವರು ಸೇದಿದರೆ ಕೆಲವರಲ್ಲಿ ಮಾನಸಿಕ ಕಾಯಿಲೆ ಕೆರಳುವ ಅಪಾಯ ನಿಜವಾದದ್ದು. ‘ಗಿಡಮೂಲಿಕೆ ತಾನೇ’ ಅನ್ನುವವರಿಗೆ ನಾನು ಉಮ್ಮತ್ತಿಯೂ ಗಿಡವೇ ಅಂತ ನೆನಪಿಸುತ್ತೇನೆ.

ಅತಿ ಗಟ್ಟಿ ಪುರಾವೆ ಸಿಕ್ಕಿದ್ದು ಕಲ್ಕತ್ತೆಯ ಮಗುವಿಗಿದ್ದ ತೊಂದರೆಗೇ. ಫಿಟ್ಸ್‌ಗೆ. ಬ್ರೆಜಿಲ್‌ನಲ್ಲಿ 1980ರಲ್ಲೇ ಎಂಟು ರೋಗಿಗಳಿಗೆ ಸಿಬಿಡಿ ಕೊಟ್ಟಾಗ ನಾಲ್ವರಿಗೆ ಫಿಟ್ಸ್ ಹೆಚ್ಚುಕಡಿಮೆ ನಿಂತೇಹೋಗಿತ್ತು. ಆ ಫಲಿತಾಂಶ ದಶಕಗಟ್ಟಲೆ ಮೂಲೆಯಲ್ಲಿ ಬಿದ್ದಿತ್ತು. ನನ್ನನ್ನು ಕೇಳಿದರೆ ಈ ಇಡೀ ಕಥೆಯಲ್ಲಿ ಸಿಟ್ಟು ಬರುವ ಜಾಗ ಇದೇ.

2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಡ್ರಾವೆ ಸಿಂಡ್ರೋಮ್ ಇರುವ 120 ಮಕ್ಕಳು ಮತ್ತು ಎಳೆಯರಿದ್ದರು. ಯಾವ ಮಾತ್ರೆಗೂ ಬಗ್ಗದ ಫಿಟ್ಸ್ ಅದು. ಸಿಬಿಡಿ ತೆಗೆದುಕೊಂಡ ಗುಂಪಿನಲ್ಲಿ ತಿಂಗಳಿಗೆ 12.4 ಇದ್ದ ಸೆಳವುಗಳು 5.9ಕ್ಕೆ ಇಳಿದವು. ಹುಸಿ ಔಷಧಿಯ ಗುಂಪಿನಲ್ಲಿ 14.9 ಇದ್ದದ್ದು 14.1. ಮುಂದಿನ ವರ್ಷ ಅಮೆರಿಕ ‘ಎಪಿಡಿಯೋಲೆಕ್ಸ್’ ಔಷಧಿಗೆ ಒಪ್ಪಿಗೆ ಕೊಟ್ಟಿತು. ಎಳ್ಳೆಣ್ಣೆಯಲ್ಲಿ ಕರಗಿಸಿದ ಶುದ್ಧ ಸಿಬಿಡಿ, ಸ್ಟ್ರಾಬೆರಿ ರುಚಿ. ಮಿಲಿಲೀಟರಿಗೆ 100 ಮಿಲಿಗ್ರಾಂ, ಒಂದು ಚೂರೂ ಆಚೀಚೆ ಇಲ್ಲ. ಮಗುವಿನ ತೂಕ ನೋಡಿ ಡೋಸ್, ಜೊತೆಗೆ ಲಿವರ್ ಪರೀಕ್ಷೆ.

ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆಯ ಪ್ರಕಾರ ಹೂವಿನ ತೆನೆ ಗಾಂಜಾ, ರಾಳ ಚರಸ್. ತೆನೆ ಇಲ್ಲದ ಬರೀ ಎಲೆ ಆ ವ್ಯಾಖ್ಯೆಯ ಹೊರಗೆ. ಆಯುರ್ವೇದ ಈ ಗಿಡಕ್ಕೆ ‘ವಿಜಯಾ’ ಅನ್ನುತ್ತದೆ; ಆ ಹೆಸರಿನ ಎಣ್ಣೆಗಳು ಅಂಗಡಿಗೆ ಬಂದಿರುವುದು ಈ ಸಂದಿಯಿಂದಲೇ. ಎಲ್ಲ ಸೀಸೆಯೂ ಒಂದೇ ಅಲ್ಲ. ಆನ್‌ಲೈನಿನಲ್ಲಿ ಮಾರುವ 84 ಸಿಬಿಡಿ ಸರಕುಗಳನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿದಾಗ ಲೇಬಲ್ಲಿನಲ್ಲಿದ್ದಷ್ಟೇ ಸಿಬಿಡಿ ಇದ್ದದ್ದು 26ರಲ್ಲಿ ಮಾತ್ರ. 18ರಲ್ಲಿ ಟಿಎಚ್‌ಸಿಯೂ ಇತ್ತು.

ಕಳೆದ ವರ್ಷ ಪರಿಚಯದವರೊಬ್ಬರು ಮಗಳ ಫಿಟ್ಸ್‌ಗೆಂದು ಆನ್‌ಲೈನಿನಲ್ಲಿ ತರಿಸಿದ ಇಂಥದೊಂದು ಎಣ್ಣೆ ಹಿಡಿದು ಮನೆಗೆ ಬಂದರು. ಮಗಳು ಈಗ ಏನು ತಗೊಳ್ತಿದ್ದಾಳೆ ಅಂತ ಕೇಳಿದೆ. ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದರು. ಫಿಟ್ಸ್‌ಗೆ ಕೊಡುವ ಕ್ಲೋಬಜಾಮ್. ಸಿಬಿಡಿ ಜೊತೆ ಸೇರಿದರೆ ಈ ಮಾತ್ರೆಯಿಂದ ಹುಟ್ಟುವ ವಸ್ತು ರಕ್ತದಲ್ಲಿ ಏರುತ್ತದೆ, ಮಗು ತೂಕಡಿಸುತ್ತಲೇ ಇರಬಹುದು. ಮಾತ್ರೆ ನಿಲ್ಲಿಸಬೇಡಿ, ಎರಡನ್ನೂ ಒಟ್ಟಿಗೆ ತಗೊಂಡುಹೋಗಿ ನರರೋಗ ಡಾಕ್ಟರಿಗೆ ತೋರಿಸಿ ಅಂದೆ.

‘ಸರಿ ಸಾರ್. ಎಷ್ಟು ಮಿಲಿಗ್ರಾಂ ಅಂತ ಅವರು ಕೇಳ್ತಾರಲ್ಲ?’

ಇಬ್ಬರೂ ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿದೆವು. ದಿನಕ್ಕೆರಡು ಸಲ ಐದೈದು ಹನಿ ಅಂತಷ್ಟೇ ಇತ್ತು.